ಒಕ್ಕೊರಲಿನಿಂದ ಫೇಲ್

"ಈ ಸಲವೂ ನನ್ನ ಶಾಲೆ ಪಟ್ಟಿಯ ತಳ ಹಿಡಿದರೆ ಮೀಸೆ ಬೋಳಿಸಿಬಿಡ್ತೀನಿ!" ಎಂದು ಹೆಡ್ಮಾಸ್ಟರು ಬೆಳಗಿನ ಚಹಾ ಸಾಕ್ಷಿಯಾಗಿ ಭೀಷ್ಮಪ್ರತಿಜ್ಞೆ ಮಾಡಿದರು.

"ನಿಮ್ಮ ಮೀಸೆ ಯಾರಿಗೆ ಬೇಕು?" ಎಂದಳು ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಚುಚ್ಚುವುದು ಆಕೆಗೆ ಅಭ್ಯಾಸ. "ಶಾಲೆ ಮುಚ್ಚಿದರೆ ಅಷ್ಟೂ ಮಕ್ಕಳು ಹೆದ್ದಾರಿ ದಾಟಿ ದೊಡ್ಡ ಶಾಲೆಗೆ ಹೋಗ್ಬೇಕು. ಲಾರಿಗಳು ಮೀಸೆ ನೋಡಿ ಬ್ರೇಕು ಹಾಕಲ್ಲ ರೀ. ನಮ್ಮ ಪುಟ್ಟಿನೂ ಅಲ್ಲೇ ನಾಲ್ಕನೇ ಕ್ಲಾಸು, ಜ್ಞಾಪಕ ಇರಲಿ."

ಜ್ಞಾಪಕ ಇತ್ತು. ಅದೇ ಹೆಡ್ಮಾಸ್ಟರ ಎದೆಯ ಮೇಲಿನ ಕಲ್ಲು. ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳ ನಾಲ್ಕನೇ ತರಗತಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ಗುಣಮಟ್ಟ ಪರೀಕ್ಷೆ. ಕಳೆದ ವರ್ಷ ಇವರ ಶಾಲೆ ಪಟ್ಟಿಯಲ್ಲಿ ಎಷ್ಟು ಕೆಳಗಿತ್ತೆಂದರೆ, ಅದರ ಕೆಳಗೆ ಮುದ್ರಣಾಲಯದ ಹೆಸರು ಮಾತ್ರ ಇತ್ತು! ಇನ್ನೊಮ್ಮೆ ಹಾಗಾದರೆ ಬಾಗಿಲಿಗೆ ಬೀಗ ಎಂದು ಇಲಾಖೆ ಹೇಳಿಬಿಟ್ಟಿತ್ತು.

ಇಲಾಖೆಗೆ ಕರುಣೆ ಇಲ್ಲವೆಂದಲ್ಲ. ಅಭ್ಯಾಸಕ್ಕೆಂದು ಒಂದು ಮಾದರಿ ಪ್ರಶ್ನೆಪತ್ರಿಕೆ ಕಳಿಸಿತ್ತು. ಒಂದೇ ಒಂದು. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಅ, ಆ, ಇ, ಈ ಎಂದು ನಾಲ್ಕು ಉತ್ತರ, ಸರಿಯಾದುದರ ಮುಂದಿನ ಗುಂಡನ್ನು ಪೆನ್ಸಿಲಿನಿಂದ ತುಂಬಬೇಕು. ಗುಂಡು ತುಂಬುವುದೆಂದರೆ ಬಂದೂಕಿನವರ ಕೆಲಸ, ಇಲ್ಲವೇ ಬಾರಿನವರ ಕೆಲಸ ಎಂದು ತಿಳಿದಿದ್ದ ಹೆಡ್ಮಾಸ್ಟರು ಅದನ್ನೇ ವಿದ್ಯಾಭ್ಯಾಸ ಮಾಡಿಬಿಟ್ಟರು. ಆಟ ಬಂದ್, ಚಿತ್ರಕಲೆ ಬಂದ್, ಕಥೆ ಬಂದ್! ಬೆಳಿಗ್ಗೆ ಅದೇ ಪತ್ರಿಕೆ, ಮಧ್ಯಾಹ್ನ ಅದೇ ಪತ್ರಿಕೆ, ಸಂಜೆ ಮನೆಗೆ ಬಿಡುವ ಮುಂಚೆ ಬೀಳ್ಕೊಡುಗೆಗೆ ಮತ್ತದೇ ಪತ್ರಿಕೆ.

ಇದು ಶುರುವಾದ ದಿನವೇ ಪುಟ್ಟಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ ಮುಖ ಕುಂಬಳಕಾಯಿಯಾಯಿತು.

"ಮೂರು ವಾರ ಶಾಲೆ ಕಡೆ ತಲೆ ಹಾಕೋ ಹಾಗಿಲ್ಲ. ಅಂಟುರೋಗ," ಎಂದಳು ನರ್ಸು.

"ಅಯ್ಯೋ, ಇವಳ ಗುಂಡಿನ ಗತಿ?" ಎಂದರು ಹೆಡ್ಮಾಸ್ಟರು.

"ಕೆನ್ನೆಯ ಗುಂಡು ಮೊದಲು ಇಳೀಲಿ."

ಪುಟ್ಟಿ ಹಾಸಿಗೆಯಲ್ಲಿ ಮಲಗಿ ಔಷಧದ ಡಬ್ಬಿ, ಹಳೇ ಪೇಪರು, ಗೋಡೆಯ ಕ್ಯಾಲೆಂಡರು, ಕೈಗೆ ಕಣ್ಣಿಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಕಾಲ ಕಳೆದಳು. ಇತ್ತ ಶಾಲೆಯಲ್ಲಿ ಪವಾಡ ನಡೆಯುತ್ತಿತ್ತು. ಮೊದಲ ವಾರ ಇಪ್ಪತ್ತಕ್ಕೆ ಆರು, ಎರಡನೇ ವಾರ ಹದಿನಾಲ್ಕು, ಮೂರನೇ ವಾರ ಇಡೀ ತರಗತಿಗೆ ಇಪ್ಪತ್ತಕ್ಕೆ ಇಪ್ಪತ್ತು!

"ನಂಬ್ತೀಯೇನೇ?" ಹೆಡ್ಮಾಸ್ಟರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದರು. "ಇವತ್ತು ನಾನು ಪ್ರಶ್ನೆಪತ್ರಿಕೆ ಹಂಚೋದರೊಳಗೆ ಮಕ್ಕಳು ಉತ್ತರ ಮುಗಿಸಿಬಿಟ್ಟಿದ್ರು!"

ಹೆಂಡತಿ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು. "ಪ್ರಶ್ನೆ ಓದದೇನೇ?"

"ಅದೇ ಕಣೇ ಸ್ಪೀಡು ಅಂದ್ರೆ!"

"ರೀ, ನಿನ್ನೆ ನಿಮ್ಮ ಶಾಲೆ ಮುಂದೆ ಬರ್ತಿದ್ದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿಕೊಂಡು 'ಆ, ಈ, ಅ, ಅ, ಇ' ಅಂತ ಕಿರುಚ್ತಿದ್ರು. ಗಣಿತದ ಪರೀಕ್ಷೆ ಮಾಡ್ತಿದ್ದೀರೋ, ಗಂಟಲಿನ ಪರೀಕ್ಷೆ ಮಾಡ್ತಿದ್ದೀರೋ?"

"ಅದು ಮಕ್ಕಳೇ ಕಟ್ಟಿಕೊಂಡ ಹಾಡು. ಉತ್ಸಾಹ!"

"ಉತ್ತರದ ಸಾಲನ್ನ ಬಾಯಿಪಾಠ ಮಾಡಿದಾರೆ ಅಷ್ಟೆ. ಥರ್ಮಾಮೀಟರನ್ನ ತಣ್ಣೀರಿಗೆ ಅದ್ದಿ ಜ್ವರ ಇಳೀತು ಅಂತ ಕುಣೀತಿದ್ದೀರಿ ನೀವು."

"ನಿನಗೆ ಮಕ್ಕಳ ಮೇಲೆ ನಂಬಿಕೆ ಇಲ್ಲ," ಎಂದು ಹೆಡ್ಮಾಸ್ಟರು ನೊಂದುಕೊಂಡರು. ನೊಂದುಕೊಂಡೇ ಎರಡು ಬಾರಿ ಬಡಿಸಿಕೊಂಡು ಉಂಡರು.

ಪರೀಕ್ಷೆಯ ದಿನ ಬಂತು. ಪುಟ್ಟಿಯ ಕೆನ್ನೆ ಇಳಿದಿತ್ತು, ಅವಳೂ ಹೋದಳು. ಹೊರಗಿನಿಂದ ಬಂದ ಮೇಲ್ವಿಚಾರಕರು ಹೊಸ ಪ್ರಶ್ನೆಪತ್ರಿಕೆಗಳ ಮೊಹರು ಒಡೆದರು. ಕಿಟಕಿಯಾಚೆ ನಿಂತು ಹೆಡ್ಮಾಸ್ಟರು ಕಂಡದ್ದೇನು? ಇಡೀ ತರಗತಿಯ ತುಟಿ ಒಟ್ಟಿಗೆ ಅಲುಗಿತು. ಬೆರಳುಗಳು ಮೇಜಿನ ಮೇಲೆ ಸದ್ದಿಲ್ಲದೆ ತಾಳ ಹಾಕಿದವು. ಪೆನ್ಸಿಲುಗಳು ಕವಾಯತಿನಂತೆ ಚಲಿಸಿದವು. ಐದೇ ನಿಮಿಷ! ಮಕ್ಕಳೆಲ್ಲ ಕೈಕಟ್ಟಿ ಕೂತು ಹೆಡ್ಮಾಸ್ಟರ ಕಡೆ ನೋಡಿ ನಕ್ಕವು. ಅವರೂ ನಕ್ಕರು. ಪುಟ್ಟಿಯೊಬ್ಬಳು ಮಾತ್ರ ಕೊನೆಯ ಗಂಟೆಯವರೆಗೂ ತಲೆ ಎತ್ತಲಿಲ್ಲ. 'ಪಾಪ, ಅಭ್ಯಾಸ ತಪ್ಪಿಹೋಯ್ತು ಕೂಸಿಗೆ,' ಎಂದು ತಂದೆಯ ಕರುಳು ಚುರ್ರೆಂದಿತು.

ಹತ್ತು ದಿನಕ್ಕೆ ಇಲಾಖೆಯ ಮೇಡಂ ಖುದ್ದಾಗಿ ಬಂದರು. ಹೆಡ್ಮಾಸ್ಟರು ಸನ್ಮಾನಕ್ಕೇ ಇರಬೇಕೆಂದು ಕಾಲರು ಸರಿಮಾಡಿಕೊಂಡರು. ಯಾಕೋ ಬೆಳಗಿನಿಂದ ದವಡೆ ನೋಯುತ್ತಿತ್ತು. ನಗಲು ಕಷ್ಟವಾದರೂ ನಕ್ಕರು.

"ಹೆಡ್ಮಾಸ್ಟ್ರೇ, ಮೊದಲನೇ ಪ್ರಶ್ನೆ: ಇವುಗಳಲ್ಲಿ ಯಾವುದು ಹಾರುತ್ತದೆ? ನಿಮ್ಮ ಮಕ್ಕಳು 'ಕಪಾಟು' ಅಂದಿದ್ದಾರೆ."

"ಯಾವನೋ ಒಬ್ಬ..."

"ಎಲ್ಲರೂ. ಎರಡನೇದು: ಒಂಬತ್ತಕ್ಕೆ ಹೊರಟ ಬಸ್ಸು ಹನ್ನೊಂದಕ್ಕೆ ಊರು ತಲುಪಿದರೆ ಎಷ್ಟು ಹೊತ್ತಾಯಿತು? 'ಮೂವತ್ತು ದಿನ.'"

"ರಸ್ತೆ ಹಾಗಿದೆ ಮೇಡಂ," ಎಂದರು ಹೆಡ್ಮಾಸ್ಟರು ಕ್ಷೀಣವಾಗಿ.

"ಸಾಮೂಹಿಕ ನಕಲು ಅಂತ ಬರೆಯೋಣ ಅಂದುಕೊಂಡೆ. ಆದರೆ ನಕಲು ಮಾಡೋಕೂ ಉತ್ತರ ಗೊತ್ತಿರೋನು ಒಬ್ಬ ಬೇಕಲ್ರೀ! ಇಷ್ಟು ಒಗ್ಗಟ್ಟಾಗಿ ಫೇಲಾದ ಶಾಲೆಯನ್ನ ನನ್ನ ಸರ್ವಿಸಿನಲ್ಲೇ ಕಂಡಿಲ್ಲ." ಮೇಡಂ ಹಾಳೆ ತಿರುವಿದರು. "ಒಂದು ಹುಡುಗಿ ಮಾತ್ರ ಇಪ್ಪತ್ತಕ್ಕೆ ಹದಿನೆಂಟು. ಯಾರ ಮಗಳು ಇವಳು?"

ಹೆಡ್ಮಾಸ್ಟರು ಕಾಲರು ಸಡಿಲಿಸಿಕೊಂಡರು. "ನ... ನನ್ನ ಮಗಳು."

"ಓಹೋ! ಪ್ರಶ್ನೆಪತ್ರಿಕೆ ಮನೆಗೆ ಮೊದಲೇ ಬಂದಿತ್ತೋ?"

"ಇಲ್ಲ ಮೇಡಂ! ದೇವರಾಣೆ ಇಲ್ಲ! ಅವಳು ಮೂರು ವಾರ ಶಾಲೆಗೇ ಬಂದಿಲ್ಲ! ಮಂಗನಬಾವು! ಹಾಜರಿ ನೋಡಿ ಬೇಕಾದ್ರೆ!"

ಮೇಡಂ ಹಾಜರಿ ನೋಡಿದರು. ಪೆನ್ನು ತೆಗೆದರು.

"ಅಂದ್ರೆ, ನಿಮ್ಮ ಶಾಲೆಗೆ ಬಾರದಿದ್ದವಳೊಬ್ಬಳು ಮಾತ್ರ ಪಾಸು. ಹಾಗಂತ ಬರ್ಕೊಳ್ಳಲಾ?"

ಹೆಡ್ಮಾಸ್ಟರು ತಮ್ಮನ್ನು ತಾವೇ ನಿರಪರಾಧಿ ಎಂದು ಸಾಬೀತುಪಡಿಸಿಕೊಂಡು ಗಲ್ಲಿಗೇರಿದ್ದರು. ಬೀಗಕ್ಕೆ ಒಂದು ವರ್ಷದ ಗಡುವು ಸಿಕ್ಕಿತು. ಮುಂದಿನ ಪರೀಕ್ಷೆಯೇ ಕೊನೇ ಅವಕಾಶ. ಜೊತೆಗೆ ಇಲಾಖೆಯ ಪರಿಹಾರವೂ ಬಂತು: ಹೆಚ್ಚುವರಿ ಅಭ್ಯಾಸಕ್ಕೆ ಇನ್ನೊಂದು ಮಾದರಿ ಪ್ರಶ್ನೆಪತ್ರಿಕೆ. ಬಿಚ್ಚಿ ನೋಡಿದರು. ಅದೇ ಪತ್ರಿಕೆ!

ಸಂಜೆ ಮನೆಯಲ್ಲಿ ಮಗಳನ್ನು ಹತ್ತಿರ ಕೂರಿಸಿಕೊಂಡರು. "ಪುಟ್ಟೀ, ನಿನಗೆ ಹ್ಯಾಗೆ ಗೊತ್ತಾಯ್ತಮ್ಮಾ ಉತ್ತರ?"

"ಪ್ರಶ್ನೆ ಓದಿದೆ ಅಪ್ಪಾ."

"ಪ್ರಶ್ನೆ ಓದು ಅಂತ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಂಗೆ ಆ ಹಾಡು ಬರಲ್ವಲ್ಲ," ಎಂದಳು ಪುಟ್ಟಿ, ಅಳುವ ದನಿಯಲ್ಲಿ. "ಎಲ್ಲರಿಗೂ ಬರುತ್ತೆ, ನಂಗೊಬ್ಬಳಿಗೇ ಬರಲ್ಲ. ಯಾರೂ ಆಟಕ್ಕೆ ಸೇರಿಸ್ಕೊಳ್ತಿಲ್ಲ." ಹೇಳಿದವಳೇ ಹೊರಗೆ ಓಡಿದಳು.

ಹೆಂಡತಿ ಕೋಟು ಕಳಚುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ತಪ್ಪು ನನ್ನದೇ ಕಣ್ರೀ. ಬಾವು ಬಂದಾಗ ಇವಳನ್ನ ಒಂದು ದಿನ ಶಾಲೆಗೆ ಕಳಿಸಬೇಕಿತ್ತು. ಎಲ್ಲರಿಗೂ ಅಂಟಿ ಎಲ್ಲರೂ ಮನೇಲಿ ಬಿದ್ದಿದ್ರೆ, ನಿಮ್ಮ ಶಾಲೆ ಫಸ್ಟು ಬರ್ತಿತ್ತು."

ಹೆಡ್ಮಾಸ್ಟರು ಉತ್ತರಿಸಲು ಬಾಯಿ ತೆರೆಯಹೋದರು. ತೆರೆಯಲಾಗಲಿಲ್ಲ. ಕೆನ್ನೆ ಮುಟ್ಟಿಕೊಂಡರೆ ಪ್ರಾಣವೇ ಹೋದಂತಾಯಿತು. ಎಡಗಡೆ ಅರ್ಧ ಕುಂಬಳಕಾಯಿ! ಮಾತಿಗೆ ತಪ್ಪದೆ ಮೀಸೆ ಬೋಳಿಸೋಣವೆಂದರೆ ರೇಜರು ಇಡಲೂ ಜಾಗವಿಲ್ಲ.

"ಬಂತಾ ನಿಮಗೂ? ಎಲ್ಲಿ, ಬೆಳಕಿಗೆ ಬನ್ನಿ." ನರ್ಸು ಟಾರ್ಚು ಹಿಡಿದಳು. "ಬಾಯಿ ತೆಗೀರಿ. 'ಆ' ಅನ್ನಿ."

"ಆ..." ಎಂದು ನರಳಿದರು ಹೆಡ್ಮಾಸ್ಟರು.

ಕಿಟಕಿಯಾಚೆ, ಗೆಳತಿಯರ ನಡುವಿನಿಂದ, ಚಪ್ಪಾಳೆಯೊಂದಿಗೆ, ಕೊನೆಗೂ ಕಲಿತ ಹಾಡನ್ನು ಪುಟ್ಟಿಯ ದನಿ ಖುಷಿಯಾಗಿ ಮುಂದುವರಿಸಿತು:

"ಈ! ಅ! ಅ! ಇ!"