ಸಾವ್ಕಾರರ ಹೂದೋಟದಲ್ಲಿ ಕಲ್ಲಿನ ಪಂದ್ಯ

ಹೂದೋಟದ ಕೆಲಸವೆಂದರೆ ನೀರು ಹಾಯಿಸಿ ಕಳೆ ಕೀಳುವುದಷ್ಟೇ ಎಂದು ಜನ ತಿಳಿದಿದ್ದಾರೆ. ನಾನು ಹೊಸಪೇಟೆಯ ಅಕ್ಕಿ ಗಿರಣಿ ಸಾವ್ಕಾರರ ತೋಟದಲ್ಲಿ ಮಾಲಿಯಾಗಿದ್ದಷ್ಟು ಕಾಲ ಏನಾದರೊಂದು ಫಜೀತಿ ಇದ್ದೇ ಇರುತ್ತಿತ್ತು. ಒಂದು ವರ್ಷವಂತೂ ಸಾವ್ಕಾರರು ತೋಟದೊಳಗೇ ಶಿಲ್ಪಿಗಳ ಪಂದ್ಯ ಇಟ್ಟರು. ಬಹುಮಾನ ಕೊಡಲು ಬಳ್ಳಾರಿಯಿಂದ ಕಲೆಕ್ಟರ್ ದೊರೆ ಬರುವವರಿದ್ದರು, ಗುಲಾಬಿ ನೋಡಲು ದೊರೆಸಾನಿ. “ಒಂದು ಗುಲಾಬಿ ಕಡಿಮಿ ಆದ್ರೂ ನೀ ವಡ್ಡಿಗೆ ವಾಪಸ್” ಎಂದು ಸಾವ್ಕಾರರು ನನಗೆ ಮೊದಲೇ ಹೇಳಿಟ್ಟರು. ವಡ್ಡು ನನ್ನೂರು. ಅಲ್ಲಿ ನನಗೆ ಹೊಲವೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಹೊಸ ಬಾಗಿಲು

ಶಿಲ್ಪಿಗಳು ಬಂದವರೇ ಅರೆಕೆತ್ತಿದ ಮೂರ್ತಿಗಳನ್ನೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ತೋಟದ ಬಾಗಿಲು ಇದ್ದದ್ದು ಪಶ್ಚಿಮಕ್ಕೆ.

“ದೊರೆ ಬಂದು ದೇವರ ಬೆನ್ನು ನೋಡಬೇಕೇನ್ರಿ?” ಎಂದು ಸಾವ್ಕಾರರು ರೇಗಿದರು.

ಗಣಪತಿ ಕೆತ್ತುತ್ತಿದ್ದ ಬುಕ್ಕಸಾಗರದವನು, “ಬೆನ್ನೂ ಛಲೋ ಕೆತ್ತೀನ್ರಿ” ಎಂದ.

ದೇವರನ್ನು ತಿರುಗಿಸಲು ಯಾರೂ ಒಪ್ಪಲಿಲ್ಲ. ಕೊನೆಗೆ ಸಾವ್ಕಾರರು ಪೂರ್ವದ ಗೋಡೆ ಒಡೆಸಿ ಹೊಸ ಬಾಗಿಲು ಮಾಡಿಸಿದರು. ಆ ಕಡೆ ಇದ್ದದ್ದು ದನದ ಕೊಟ್ಟಿಗೆ. ಪಂದ್ಯದ ದಿನ ದೊರೆಗಳು ಸಗಣಿ ದಾಟಿ, ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದದ್ದು ಹೀಗೆ.

ಕಣ್ಣಿನ ಖರ್ಚು

ಸಂಡೂರಿನವನು ಕೆತ್ತಿದ ಬಸವಣ್ಣನಿಗೆ ಕಣ್ಣೇ ಇರಲಿಲ್ಲ.

“ಕಣ್ಣು ತೆರದ್ರ ದೇವರಾಗ್ತಾನ್ರಿ. ಆಮ್ಯಾಲೆ ಎರಡು ಹೊತ್ತು ನೈವೇದ್ಯ ತಪ್ಪಂಗಿಲ್ಲ” ಎಂದ.

“ನಾ ಕಳಸ್ತೀನಿ, ನೀ ತೆರಿ” ಎಂದರು ಸಾವ್ಕಾರರು.

ಅಂದೇ ಕಣ್ಣು ತೆರೆದ. ಮನೆಯಿಂದ ಹೋಳಿಗೆ, ತುಪ್ಪ ಬಂತು. ಬಸವಣ್ಣನಿಗೆ ತೋರಿಸಿ ಶಿಲ್ಪಿ ತಾನೇ ಉಂಡ. ಮರುದಿನ ಬೆಳಗಾಗುವುದರೊಳಗೆ, ಯಾರೂ ಹೇಳದೆಯೇ, ತೋಟದ ದೇವರೆಲ್ಲ ಕಣ್ಣು ತೆರೆದಿದ್ದರು. ಕಂಪ್ಲಿಯವನೊಬ್ಬನಿಗೆ ಹೋಳಿಗೆ ಸಿಗಲಿಲ್ಲ. ರುಬ್ಬುಗುಂಡು ಮಾಡಿ ಬದುಕುತ್ತಿದ್ದ ಆತ ಕೆತ್ತಿದ್ದು ಸಾವ್ಕಾರರ ತಲೆಯನ್ನು. ಸಾವ್ಕಾರರ ಊಟ ಮನೆಯಲ್ಲೇ ಆಗಿರುತ್ತಿತ್ತು.

ಮೊದಲನೇ ಬಹುಮಾನ

ಪಂದ್ಯದ ದಿನ ಊರ ಹೆಂಗಸರೆಲ್ಲ ಬಂದರು. ಕಣ್ಣು ತೆರೆದ ದೇವರ ಮುಂದೆ ಬರಿಗೈಲಿ ನಿಲ್ಲುವುದು ಹೇಗೆ? ಸುತ್ತ ಎಲ್ಲಿ ನೋಡಿದರೂ ಹೂವು. ನಾನು ಮಲ್ಲಿಗೆಯ ಕಡೆ ಓಡಿದರೆ ಚೆಂಡುಹೂವು ಖಾಲಿ, ಅತ್ತ ಓಡಿದರೆ ಮಲ್ಲಿಗೆ ಖಾಲಿ. ಎಲ್ಲ ಬಿಟ್ಟು ಗುಲಾಬಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಸಾವ್ಕಾರರ ತಾಯಿಯೇ ಬುಟ್ಟಿ ಹಿಡಿದು ಬಂದರು.

“ಅವ್ವಾರ, ಇವು ಬ್ಯಾಡ್ರಿ. ದೊರೆಸಾನಿ ನೋಡಬೇಕಂತ. ನನ್ನ ಕೆಲಸ ಹೋಗ್ತದ್ರಿ.”

“ಬಸವಣ್ಣ ದೊಡ್ಡಾಂವನೋ, ದೊರೆಸಾನಿ ದೊಡ್ಡಾಕಿನೋ? ಹಿಡಿ ಬುಟ್ಟಿ.”

ಹಿಡಿದೆ. ಗಿಡ ಬೋಳಾಯಿತು. ಒಬ್ಬಾಕೆ ಕಲ್ಲಿನ ಸಾವ್ಕಾರರ ತಲೆಗೂ ಒಂದು ಗುಲಾಬಿ ಇಡಹೋದಳು.

“ಏ, ತೆಗಿಯವ್ವಾ! ನನ್ನ ಮಗ ಇನ್ನಾ ಬದುಕ್ಯಾನ! ಸತ್ತೋರಿಗೆ ಏರಿಸಿದಂಗ ಹೂವು ಏರಿಸ್ತೀಯೇನು?” ಎಂದು ಮುದುಕಿ ಚೀರಿ, ಆ ತಲೆಯ ಪಕ್ಕದಲ್ಲೇ ಕಾವಲು ಕೂತರು.

ದೊರೆಗಳು ಬಂದು ನೋಡಿದರೆ ಶಿಲ್ಪಗಳೇ ಇಲ್ಲ, ಬರೀ ಹೂವಿನ ಗುಡ್ಡೆಗಳು. ಒಂದರಲ್ಲಿ ಸೊಂಡಿಲಿನ ತುದಿ, ಇನ್ನೊಂದರಲ್ಲಿ ಒಂದು ಕೊಂಬು. ಹೂವು ತೆಗೆಯಿರಿ ಎಂದರು. ದೇವರಿಗೆ ಏರಿಸಿದ ಹೂವು, ಯಾರು ಮುಟ್ಟುತ್ತಾರೆ? ದೊರೆಗಳಿಗೆ ರೈಲಿನ ಹೊತ್ತಾಗಿತ್ತು. ಕಣ್ಣಿಗೆ ಕಂಡ ಒಂದೇ ಕಲ್ಲಿಗೆ ಮೊದಲನೇ ಬಹುಮಾನದ ಬೆಳ್ಳಿ ಬಟ್ಟಲು ಕೊಟ್ಟರು. ಕಂಪ್ಲಿಯವನು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ.

ದೊರೆಸಾನಿ ಮಾತ್ರ ಬೋಳು ಗಿಡಗಳನ್ನು ತೋರಿಸಿ ಏನೋ ಕೇಳಿದರು. ಸಾವ್ಕಾರರು ನನ್ನ ಕಡೆ ತಿರುಗಿ ನೋಡಿದರು. ಅತಿಥಿಗಳು ಹೊರಟದ್ದೇ ನಾನು ಕಂಬಳಿ ಸುತ್ತಿಟ್ಟುಕೊಂಡೆ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಾಗ ಸಾವ್ಕಾರರು ಬಂದರು.

“ಒಂದೂ ಉಳಿದಿಲ್ಲೇನಲೇ?”

“ಇಲ್ರೀ.”

ಅವರು ಬೋಳು ಗಿಡಗಳನ್ನು ನೋಡಿದರು. ಬಹುಮಾನ ಗೆದ್ದ ತಮ್ಮ ತಲೆಯನ್ನು ಬಹಳ ಹೊತ್ತು ನೋಡಿದರು. ಮೀಸೆ ತೀಡಿಕೊಂಡು ಹೇಳಿದರು:

“ಬರೋ ವರ್ಷ ಇನ್ನಾ ನಾಕು ಸಾಲು ಗುಲಾಬಿ ಜಾಸ್ತಿ ಹಾಕು.”