ಎಡಗಡೆಯಿಂದ ಮೂರನೆಯ ಕಾರು

ಡಿಸೆಂಬರ್‌ನ ಎರಡನೆಯ ಶನಿವಾರ ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಜಪಾನಿನ ಸೆಂಡಾಯ್ ನಗರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್‌ನಲ್ಲಿ, ಎಡಗಡೆಯಿಂದ ಮೂರನೆಯ ಕಾರಿನ ಮುಂದೆ ನಿಂತಿದ್ದೆ. ಕೈಯಲ್ಲಿ ಜಾಕ್ ಇತ್ತು. ಮುಖದಲ್ಲಿ ಆತ್ಮವಿಶ್ವಾಸ ಇತ್ತು. ಎರಡರಲ್ಲಿ ಜಾಕ್ ಮಾತ್ರ ಈಗಲೂ ಇದೆ.

ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಈ ಊರಿನಲ್ಲಿ ಹಿಮ ಬೀಳುವ ಮೊದಲು ಎಲ್ಲರೂ ಕಾರಿನ ಬೇಸಿಗೆ ಟೈರು ಬಿಚ್ಚಿ, ಮೆತ್ತನೆಯ ರಬ್ಬರಿನ ಹಿಮದ ಟೈರು ಹಾಕಿಸುತ್ತಾರೆ. ನಮ್ಮ ಹಳೆಯ ಹಿಮದ ಟೈರುಗಳು ಕಲ್ಲಿನಂತಾಗಿದ್ದವು. ಹೊಸದು ಬೇಕೇ ಬೇಕಿತ್ತು. ಏಕೆಂದರೆ ನನ್ನ ಹೆಂಡತಿ ಶುಭಾಳ ಹೆರಿಗೆ ಡಿಸೆಂಬರ್‌ನಲ್ಲೇ ಇತ್ತು, ಆಸ್ಪತ್ರೆ ಗುಡ್ಡದ ಮೇಲಿತ್ತು. ಬೇಸಿಗೆ ಟೈರಿನಲ್ಲಿ ಆ ಏರು ಹತ್ತುವುದು ಸೋಪು ಹಚ್ಚಿದ ಗೋಡೆ ಹತ್ತಿದಂತೆ.

ನಾನು ವಿಶ್ವವಿದ್ಯಾಲಯದಲ್ಲಿ ರಬ್ಬರಿನ ಮೇಲೆ ಸಂಶೋಧನೆ ಮಾಡುವವನು. ಚಳಿಯಲ್ಲಿ ರಬ್ಬರ್ ಹೇಗೆ ವರ್ತಿಸುತ್ತದೆ ಎಂಬುದೇ ನನ್ನ ವಿಷಯ! ಇಡೀ ಸೆಂಡಾಯ್‌ನಲ್ಲಿ ಟೈರು ಆರಿಸಲು ನನಗಿಂತ ಯೋಗ್ಯ ವ್ಯಕ್ತಿ ಇಲ್ಲವೆಂದು ತೀರ್ಮಾನಿಸಿ, ಅಕ್ಟೋಬರ್ ಮೊದಲ ವಾರವೇ ಅಧ್ಯಯನ ಶುರು ಮಾಡಿದೆ. ಹನ್ನೊಂದು ಬಗೆಯ ಟೈರುಗಳಿಗೆ ಎಕ್ಸೆಲ್ ಶೀಟ್ ಮಾಡಿದೆ. ಅಂಗಡಿಗೆ ಪ್ರಯೋಗಾಲಯದ ಗಡಸುಮಾಪಕ ಒಯ್ದು ಟೈರುಗಳನ್ನು ಒತ್ತಿ ಒತ್ತಿ ನೋಡಿದೆ. ಮಾರಾಟದ ಹುಡುಗಿ ಮೂರು ಸಲ ನಮಸ್ಕರಿಸಿ ಮ್ಯಾನೇಜರನ್ನು ಕರೆತಂದಳು.

"ರೀ, ಎರಡು ತಿಂಗಳಾಯ್ತು," ಅಂದಳು ಶುಭಾ. "ನನ್ನನ್ನ ಸೆಲೆಕ್ಟ್ ಮಾಡೋಕೆ ನಲವತ್ತು ನಿಮಿಷ ತಗೊಂಡ್ರಿ, ಅದೂ ಉಪ್ಪಿಟ್ಟು ತಿಂದ ಟೈಮ್ ಸೇರಿಸಿ."

"ಆವಾಗ ಡೇಟಾ ಕಮ್ಮಿ ಇತ್ತು."

ಇದು ಹೇಳಬಾರದ ಮಾತು. ಹೇಳಿದೆ.

ಡಿಸೆಂಬರ್ ಮೊದಲ ವಾರ ಫಲಿತಾಂಶ ಬಂತು. ವಿಜೇತ ಟೈರು, ಮ್ಯಾನೇಜರ್ ಮೊದಲ ದಿನ ಐದು ಸೆಕೆಂಡಿನಲ್ಲಿ ತೋರಿಸಿದ್ದೇ ಆಗಿತ್ತು. ಅಷ್ಟರಲ್ಲಿ ಊರಿನವರೆಲ್ಲ ಸರದಿ ಕಾದಿರಿಸಿಬಿಟ್ಟಿದ್ದರು. "ಟೈರು ನಾಳೆಯೇ ಮನೆಗೆ ಬರುತ್ತದೆ. ಹಾಕಿಕೊಡಲು ಮಾತ್ರ ಜನವರಿ ಮಧ್ಯದವರೆಗೆ ಸಮಯವಿಲ್ಲ," ಎಂದರು ಮ್ಯಾನೇಜರ್, ಅತ್ಯಂತ ನಮ್ರವಾಗಿ. ನಾನೇ ಹಾಕುತ್ತೇನೆಂದು ಘೋಷಿಸಿ ಜಾಕ್ ಕೊಂಡೆ.

ರಿಮ್‌ಸಮೇತ ನಾಲ್ಕು ಟೈರು ಬಂದು ಮನೆಯ ಹಾಲ್‌ನಲ್ಲಿ ಕುಳಿತವು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿದರು. ಅವರು ಬಂದ ವಾರವೇ ಸೀಮಂತ ಮಾಡಿಸಿ, ಪಕ್ಕದ ಮನೆಯ ಸುಗವಾರಾ-ಸಾನ್ ಅವರಿಗೂ ತಟ್ಟೆ ತುಂಬ ಚಕ್ಕುಲಿ, ಒಬ್ಬಟ್ಟು, ಒಂದು ತೆಂಗಿನಕಾಯಿ ಕೊಟ್ಟು ಬಂದಿದ್ದರು. ಸುಗವಾರಾ-ಸಾನ್ ನಿವೃತ್ತ ಬಸ್ ಚಾಲಕರು, ಒಬ್ಬರೇ ಇರುತ್ತಾರೆ. ತೆಂಗಿನಕಾಯಿಯನ್ನು ಅವರು ಶೋಕೇಸಿನಲ್ಲಿ ಇಟ್ಟರು.

ಅವರದೂ ನಮ್ಮದೂ ಒಂದೇ ಕಂಪನಿಯ, ಒಂದೇ ಬಿಳಿ ಬಣ್ಣದ ಕಾರು. ಅವರದನ್ನು ನೋಡಿಯೇ ನಾನು ಅದನ್ನು ಕೊಂಡಿದ್ದೆ. ಆಗಿನ್ನೂ ನನಗೆ ಎಕ್ಸೆಲ್ ಹುಚ್ಚು ಹಿಡಿದಿರಲಿಲ್ಲ.

ಶನಿವಾರ ಬೆಳಗಾಗುವಷ್ಟರಲ್ಲಿ ಮೊದಲ ಹಿಮ ಬಿದ್ದಿತ್ತು. ಪಾರ್ಕಿಂಗ್‌ನಲ್ಲಿ ಎಲ್ಲ ಕಾರುಗಳೂ ದಪ್ಪ ಇಡ್ಲಿಗಳಂತೆ ಕೂತಿದ್ದವು. ನೆಲದ ಮೇಲಿನ ನಂಬರುಗಳಿಲ್ಲ, ನಂಬರ್ ಪ್ಲೇಟುಗಳಿಲ್ಲ. ನಮ್ಮದು ಎಡಗಡೆಯಿಂದ ಮೂರನೆಯದು. ಎಣಿಸಿದೆ. ಒಂದು, ಎರಡು, ಮೂರು. ಚಕ್ರಗಳ ಸುತ್ತ ಮಾತ್ರ ಹಿಮ ತೆಗೆದು ಕೆಲಸ ಶುರು ಮಾಡಿದೆ. ಚಕ್ರ ಬಿಚ್ಚಲು ಕಾರಿನ ಕೀಲಿ ಬೇಕಾಗುವುದಿಲ್ಲ. ಬೇಕಾಗುವಂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಎರಡನೆಯ ಚಕ್ರ ಹಾಕುವಾಗ ಸುಗವಾರಾ-ಸಾನ್ ಇಳಿದು ಬಂದರು. ಟೈರಿನ ಕೆಂಪು ಬೊಟ್ಟು ನೋಡಿದರು. ಆಮೇಲೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಅವರು ಬಿಸಿ ಕಾಫಿಯ ಡಬ್ಬಿ ತಂದುಕೊಟ್ಟು ಮತ್ತೆ ಬಗ್ಗಿದರು. ಜಪಾನಿನಲ್ಲಿ ಯಾರು ಯಾವುದಕ್ಕೆ ಬಗ್ಗುತ್ತಾರೆಂದು ಲೆಕ್ಕ ಇಡುವುದನ್ನು ನಾನು ಬಿಟ್ಟು ವರ್ಷಗಳಾಗಿವೆ. ನಂತರ ಅವರು ಪೊರಕೆ ತಂದು ಆ ಕಾರಿನ ಮೇಲಿನ ಹಿಮ ಗುಡಿಸಲು ಹೊರಟರು.

"ಬೇಡ, ಬೇಡ, ಸುಮಿಮಾಸೆನ್, ಕ್ಷಮಿಸಿ! ನಿಮಗೇಕೆ ತೊಂದರೆ?" ಎಂದು ಪೊರಕೆ ಹಿಡಿದು ತಡೆದೆ.

ಅವರ ಕಣ್ಣಲ್ಲಿ ನೀರು ನಿಂತಿತ್ತು. ಚಳಿಗೆ ಇರಬೇಕೆಂದುಕೊಂಡೆ.

ಒಂದು ಗಂಟೆ ಐವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬಿಚ್ಚಿದ ನಾಲ್ಕು ಬೇಸಿಗೆ ಟೈರುಗಳನ್ನು ಒಂದೊಂದಾಗಿ ಮೂರನೆಯ ಮಹಡಿಗೆ ಹೊತ್ತು ನಮ್ಮ ಬಾಲ್ಕನಿಯಲ್ಲಿ ಜೋಡಿಸಿ ಪ್ಲಾಸ್ಟಿಕ್ ಹೊದಿಸಿದೆ. "ಇನ್ನು ಯಾವಾಗ ಬೇಕಾದ್ರೂ ಹೆರಿಗೆ ಆಗ್ಲಿ, ಐ ಆಮ್ ರೆಡಿ," ಎಂದು ಸೊಂಟ ಹಿಡಿದುಕೊಂಡು ಹೇಳಿದೆ.

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಶುಭಾಳಿಗೆ ನೋವು ಶುರುವಾಯಿತು.

ಹಿಮ ಮತ್ತೆ ಬೀಳುತ್ತಿತ್ತು. ಟ್ಯಾಕ್ಸಿಯವರ ಫೋನು ಬಿಡುವಿಲ್ಲದೆ ಎಂಗೇಜ್. "ಟ್ಯಾಕ್ಸಿ ಯಾಕೆ? ಹೊಸ ಟೈರಿದೆಯಲ್ಲ!" ಎಂದೆ. ಕೀಲಿಯ ಗುಂಡಿ ಒತ್ತಿದಾಗ ದೀಪ ಮಿನುಗಿದ ಕಾರಿನ ಹಿಂದಿನ ಸೀಟಿನಲ್ಲಿ ಶುಭಾ, ಅತ್ತೆ ಇಬ್ಬರನ್ನೂ ಕೂರಿಸಿ, ಮುಂದಿನ ಗಾಜು ಒರೆಸಿ, ಕಾರು ಹೊರಡಿಸಿದೆ. ಕಾರು ಎರಡು ಅಡಿ ಮುಂದೆ ಹೋಯಿತು. ಆಮೇಲೆ ಮೂರು ಅಡಿ ಹಿಂದೆ ಬಂತು. ಚಕ್ರಗಳು ಮಿಕ್ಸಿಯಂತೆ ಗರಗರ ತಿರುಗಿದವು. ಕಾರು ಅಡ್ಡಡ್ಡ ಜಾರಿ ಹಿಮದ ರಾಶಿಗೆ ಒರಗಿ, ಮಲಗಿದಂತೆ ನಿಂತಿತು.

"ರೀ, ಏನಾಯ್ತು?" ಶುಭಾಳ ಧ್ವನಿ ಬದಲಾಗಿತ್ತು.

"ಹನ್ನೊಂದರಲ್ಲಿ ಇದೇ ಬೆಸ್ಟ್ ಇತ್ತು ಕಣೇ..."

"ಅಮ್ಮಾ, ಇವರಿಗೆ ಏನಾದ್ರೂ ಹೇಳು!"

ಅತ್ತೆ ಆಗಲೇ ಇಳಿದು, ಸೀರೆ ಎತ್ತಿಕಟ್ಟಿ ಚಕ್ರ ನೋಡುತ್ತಿದ್ದರು. "ಅಳಿಯಂದ್ರೇ, ಕುಂಕುಮ ಎಲ್ಲಿ?"

"ಅತ್ತೆ, ಇವಳಿಗೆ ಹೀಗಾಗಿರುವಾಗ ಕುಂಕುಮ..."

"ನಾನು ನಾಲ್ಕು ಟೈರಿಗೂ ಹಚ್ಚಿದ್ದೆ. ಇದರಲ್ಲಿ ಒಂದಕ್ಕೂ ಇಲ್ಲ. ಅಲ್ಲಿ ನೋಡಿ!"

ನೋಡಿದೆ. ಪಕ್ಕದ ಕಾರಿನ ಚಕ್ರಗಳಲ್ಲಿ ಕುಂಕುಮದ ಬೊಟ್ಟುಗಳು ಕೆಂಪಗೆ ಹೊಳೆಯುತ್ತಿದ್ದವು.

ಬೆಳಗ್ಗೆ ನಾನು ಇಳಿಯುವ ಮೊದಲೇ ಎಡಮೂಲೆಯ ಕಾರು ಎಲ್ಲಿಗೋ ಹೋಗಿತ್ತು. ಅದು ಹೋದ ಗುರುತು ಹಿಮದ ಮೇಲೆ ಎರಡು ಗೆರೆಗಳಾಗಿ ಸ್ಪಷ್ಟವಾಗಿತ್ತು. ಆ ಗೆರೆಗಳನ್ನು ದಾಟಿಕೊಂಡೇ ನಾನು ಹೋಗಿದ್ದೆ. ನಾನು ಜಾಗಗಳನ್ನು ಎಣಿಸಬೇಕಿತ್ತು, ಕಾರುಗಳನ್ನು ಎಣಿಸಿದ್ದೆ. ಸುಗವಾರಾ-ಸಾನ್ ಅವರ ಕಾರಿಗೆ ಹೊಸ ಟೈರು ಹಾಕಿ, ಅವರ ಟೈರುಗಳನ್ನು ನನ್ನ ಮನೆಗೆ ಸಾಗಿಸಿದ್ದೆ. ಅವರ ಕಾರಿನ ಹಿಮವನ್ನು ಅವರೇ ಗುಡಿಸದಂತೆ ತಡೆದಿದ್ದೆ!

ಅತ್ತೆ ಅಲ್ಲಿಂದಲೇ, ಶುದ್ಧ ಮೈಸೂರು ಕನ್ನಡದಲ್ಲಿ ಕೂಗಿದರು. "ಸುಗವಾರಾ-ಸಾನ್! ಸ್ವಲ್ಪ ಬನ್ನೀಪ್ಪಾ!"

ಅವರು ಚಪ್ಪಲಿಯಲ್ಲೇ ಓಡಿ ಬಂದರು, ಕೈಯಲ್ಲಿ ಕೀಲಿ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ವರೂ ಅವರ ಕಾರಿನಲ್ಲಿ ಹೊರಟೆವು. ಬಸ್ ಓಡಿಸಿದ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. "ಬಲಕ್ಕೆ ತಿರುಗುತ್ತೇವೆ. ದಯವಿಟ್ಟು ಹಿಡಿದುಕೊಳ್ಳಿ," ಎಂದು ಪ್ರತಿ ತಿರುವಿನಲ್ಲೂ ಘೋಷಿಸುತ್ತಿದ್ದರು. ಶುಭಾ ನನ್ನ ಮುಂಗೈಯನ್ನು ಹಿಡಿದುಕೊಂಡಳು. ಉಗುರಿನ ಗುರುತು ಎಂಟು ದಿನ ಇತ್ತು.

ಗುಡ್ಡದ ಏರು ಬಂತು. ನಾನು ಕಣ್ಣು ಮುಚ್ಚಿದೆ. ಕಾರು ಒಂದಿಂಚೂ ಜಾರದೆ, ನಿಧಾನವಾಗಿ ಮೇಲೆ ಹತ್ತಿತು. ಟೈರಿನ ಆಯ್ಕೆ ಸರಿಯಾಗಿಯೇ ಇತ್ತು. ಇದನ್ನು ಜೋರಾಗಿ ಹೇಳಬೇಕೆನಿಸಿತು. ಅತ್ತೆಯ ಮುಖ ನೋಡಿ ಬಿಟ್ಟೆ.

ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮವೆಂದು ನರ್ಸ್ ಹೇಳಿದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಸುಗವಾರಾ-ಸಾನ್ ಪಕ್ಕ ಹೋಗಿ ಕುಳಿತೆ. ಅವರು ಮನೆಗೆ ಹೋಗಿರಲಿಲ್ಲ. ಆಗ ಎಲ್ಲ ಒಪ್ಪಿಕೊಂಡೆ.

"ಬೆಳಗ್ಗೆಯೇ ನನ್ನನ್ನು ತಡೆಯಬಹುದಿತ್ತಲ್ಲ?" ಎಂದೆ.

ಅವರು ಬೆರಳು ಮಡಿಸುತ್ತ ಲೆಕ್ಕ ಹೇಳಿದರು. "ಮೊದಲು ತಿಂಡಿ ಕೊಟ್ಟಿರಿ. ಆಮೇಲೆ ಆ ದೊಡ್ಡ ಕಾಯಿ ಕೊಟ್ಟಿರಿ. ಅದಾದ ಮೇಲೆ ಕೆಂಪು ಬೊಟ್ಟಿಟ್ಟ ಟೈರು ಬಂತು. ಮಗು ಹುಟ್ಟುವ ಮುಂಚೆ ನೆರೆಯವರಿಗೆ ಟೈರು ಕೊಡುವುದು ಇಂಡಿಯಾದ ಪದ್ಧತಿ ಇರಬೇಕು, ಬೇಡ ಎಂದರೆ ಮಗುವಿಗೆ ಒಳ್ಳೆಯದಲ್ಲವೇನೋ ಅಂದುಕೊಂಡೆ. ನಾನು ತಿರುಗಿ ಏನು ಕೊಡಬೇಕು ಎಂದು ಇಡೀ ದಿನ ಚಿಂತೆಯಾಗಿತ್ತು."

ಮುಂದಿನ ವಾರ ಟೈರುಗಳನ್ನು ಅದಲುಬದಲು ಮಾಡಿದೆವು. ಅವರಿಗೂ ನಾಲ್ಕು ಹೊಸ ಹಿಮದ ಟೈರು ತರಿಸಿದೆ. ಈ ಸಲ ಆರಿಸಲು ಐದು ಸೆಕೆಂಡು ಹಿಡಿಯಿತು. ಚಕ್ರ ಮುಟ್ಟುವ ಮೊದಲು ಸುಗವಾರಾ-ಸಾನ್ ನನ್ನನ್ನು ಕಾರಿನ ಮುಂದೆ ನಿಲ್ಲಿಸಿ, ಇಲ್ಲಿನ ಚಾಲಕರ ಪದ್ಧತಿಯಂತೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿಸಿದರು: "ನಂಬರ್ ಪ್ಲೇಟ್, ಸರಿ!" ಮೂರು ಸಲ ಹೇಳಿದೆ. ಎರಡು ಸಲಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ.

ಇದನ್ನು ಕಣ್ಣಾರೆ ಕಂಡವರು ಮೂವರು. ಸುಗವಾರಾ-ಸಾನ್ ಗಟ್ಟಿಮುಟ್ಟಾಗಿದ್ದಾರೆ, ಕೇಳಿದವರಿಗೆ ಬಗ್ಗಿ ನಮಸ್ಕರಿಸಿ ಆಮೇಲೆ ಹೇಳುತ್ತಾರೆ. ಅತ್ತೆ ಮೈಸೂರಿನಲ್ಲಿದ್ದಾರೆ, ಕೇಳದವರಿಗೂ ಹೇಳುತ್ತಾರೆ. ಶುಭಾ ಇದೇ ಮನೆಯಲ್ಲಿದ್ದಾಳೆ. ಮೂವರಿಗೂ ಜ್ಞಾಪಕಶಕ್ತಿ ಚೆನ್ನಾಗಿದೆ. ಹಾಗಾಗಿ ಇಲ್ಲಿ ಒಂದಕ್ಷರವನ್ನೂ ನನ್ನ ಅನುಕೂಲಕ್ಕೆ ತಿದ್ದಲಾಗಲಿಲ್ಲ. ಮಗಳಿಗೆ ಈಗ ಮೂರು ವರ್ಷ. ಅವಳು ಏನನ್ನೂ ನೋಡಿಲ್ಲ, ಆದರೆ ಯಾರೋ ಹೇಳಿಕೊಟ್ಟಿದ್ದಾರೆ. ಪಾರ್ಕಿಂಗ್‌ಗೆ ಇಳಿದೊಡನೆ ನನ್ನ ಬೆರಳು ಹಿಡಿದು ಎಳೆಯುತ್ತಾ, ಜಪಾನಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಾಳೆ.

"ಅಪ್ಪಾ, ಕೊಚ್ಚಿ, ಕೊಚ್ಚಿ! ನಮ್ ಕಾರು ಈ ಕಡೆ."