ತುಂಡು ಟೇಪಿನ ಲೆಕ್ಕ

ನದೀಮ ಮಾಸ್ತರರ ನೆಮ್ಮದಿ ಕೆಡಿಸಲು ಗುಡುಸಾಬ ಚಾಚಾನ ಒಂದು ಕಣ್ಣು ಸಾಕಾಯಿತು. ಏಕಸಂಬಿಯ ಹಳೆಯ ದರ್ಜಿಯಾದ ಈ ಚಾಚಾ ಹಲ್ಲುಜ್ಜುವಾಗಲೂ ಕೊರಳಿಂದ ಟೇಪು ತೆಗೆಯುವವನಲ್ಲ. ಬೆಳಿಗ್ಗೆ ತನ್ನ ಗೋಡೆಯ ಮೇಲಿಂದ ಇಣುಕಿ, ಪಕ್ಕದಲ್ಲೇ ಮಾಸ್ತರರ ಹೊಸ ಮನೆಗೆ ತೋಡಿಟ್ಟಿದ್ದ ಪಾಯಾವನ್ನು ಒಂದು ಕಣ್ಣು ಮುಚ್ಚಿ ನೋಡಿದ.

"ಮಾಸ್ತರ, ನಿಮ್ಮ ಪಾಯಾ ಸೊಟ್ಟ ಆಗೇತಿ ನೋಡ್ರಿ."

ಮಾಸ್ತರರು ಓಡಿಬಂದು ಪಾಯಾದೊಳಗೆ ಇಣುಕಿದರು. ಇನ್ನು ಸ್ವಲ್ಪ ಹೊತ್ತಿಗೆ ಕಾಂಕ್ರೀಟು ಬೀಳುವುದಿತ್ತು. ಬಿದ್ದಮೇಲೆ ಅಲ್ಲಾಡಿಸಲಾಗದು. ಹೆಂಡತಿ ಜಾಸ್ಮಿನ ತವರಿನಿಂದ ತಂದ ಸಾಗವಾನಿ ಕಪಾಟು ಬಾಡಿಗೆ ಮನೆಯ ಸೊಟ್ಟ ಮೂಲೆಯಲ್ಲಿ ಸಿಕ್ಕಿಕೊಂಡು, ಅದರ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮದುವೆಯಾದಂದಿನಿಂದ ಆಕೆ ಒಳಗೆ ಕೈ ತೂರಿಸಿ, ಸಿಕ್ಕ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದಳು. "ಹೊಸ ಮನ್ಯಾಗ ನೆಟ್ಟನ್ನ ಮೂಲಿ ಒಂದ ಕೊಡ್ರಿ, ಮತ್ತೇನೂ ಕೇಳಂಗಿಲ್ಲ" ಎಂಬುದು ಆಕೆಯ ಒಂದೇ ಕರಾರು.

ಮನೆ ಕಟ್ಟುವ ಗೌಂಡಿ ಲಗಮಪ್ಪನನ್ನು ಕೇಳಿದರೆ ಅವನಿಗೆ ಸಿಟ್ಟು ಬಂತು. "ಮುಂದಿನ ದಾರಾ ರಸ್ತೆಗೆ ಸರಿ ಹಿಡದೇನಿ, ಬಾಜೂಕಿನ ದಾರಾ ಚಾಚಾನ ಗ್ವಾಡಿಗೆ ಸರಿ ಹಿಡದೇನಿ. ಸೊಟ್ಟ ಹೆಂಗ ಆಕ್ಕೈತ್ರಿ?"

ನೀರಿಗೆ ಹೊರಟಿದ್ದ ಸೀತವ್ವ ಕೊಡ ಇಳಿಸಿ ಪಾಯಾದ ಸುತ್ತ ಒಂದು ಸುತ್ತು ಹಾಕಿದಳು. "ಈ ಕಡಿಂದ ನೆಟ್ಟಗ ಕಾಣತೈತಿ, ಆ ಕಡಿಂದ ಸೊಟ್ಟ ಕಾಣತೈತ್ರಿ ಸರ್ರ" ಎಂದು ತೀರ್ಪು ಕೊಟ್ಟು, ಮುಂದೇನಾಗುತ್ತದೆ ನೋಡೋಣವೆಂದು ಅಲ್ಲೇ ನಿಂತಳು.

ಅಳೆಯೋಣವೆಂದರೆ ಲಗಮಪ್ಪನ ಟೇಪಿನ ತುದಿ ಕಬ್ಬಿನ ಟ್ರಾಲಿಯ ಗಾಲಿಗೆ ಸಿಕ್ಕು ಹರಿದಿತ್ತು. ಉಳಿದದ್ದರ ಮೊದಮೊದಲ ಅಂಕಿಗಳ ಮೇಲೆ ಸಿಮೆಂಟು ಮೆತ್ತಿತ್ತು. ಎಷ್ಟು ತುಂಡಾಗಿದೆಯೋ ಯಾರಿಗೂ ತಿಳಿಯದು. ಬೇರೆಯವರಾಗಿದ್ದರೆ ಹೊಸ ಟೇಪು ತರಿಸುತ್ತಿದ್ದರು. ಆದರೆ ಬೀಜಗಣಿತ ಕಲಿಸಿ ತಲೆ ಬೆಳ್ಳಗೆ ಮಾಡಿಕೊಂಡ ಮಾಸ್ತರರಿಗೆ, ಗೊತ್ತಿಲ್ಲದ್ದು ಏನಾದರೂ ಕಂಡರೆ ಅದಕ್ಕೊಂದು ಹೆಸರಿಡದಿದ್ದರೆ ಸಮಾಧಾನವಿಲ್ಲ.

"ಹರದದ್ದು ಎಕ್ಸ್ ಅಡಿ ಅಂತ ಹಿಡಿಯೂಣು" ಎಂದರು.

"ಯಾರ್ನ ಹಿಡಿಯೂಣು?" ಎಂದಳು ಸೀತವ್ವ.

ಮುಂದಿನ ಬದಿ ಒಂದೇ ಸಲಕ್ಕೆ ಅಳೆದಾಗ ಟೇಪು ಮೂವತ್ತೊಂದು ತೋರಿಸಿತು. ಹಿಂದಿನ ಬದಿಗೆ ಉಸುಕಿನ ಗುಡ್ಡೆ ಅಡ್ಡವಿದ್ದದ್ದರಿಂದ ಎರಡು ತುಂಡಾಗಿ ಅಳೆದರೆ ಒಟ್ಟು ಮೂವತ್ತೆರಡು. ಮಾಸ್ತರರು ಇಟ್ಟಿಗೆ ಚೂರಿನಿಂದ ಚಾಚಾನ ಗೋಡೆಯ ಮೇಲೆ ಬರೆಯತೊಡಗಿದರು. ಈ ಟೇಪು ಒಂದು ಸಲ ಹಚ್ಚಿದರೆ ಎಕ್ಸ್ ಅಡಿ ಹೆಚ್ಚು ತೋರಿಸಿ ಸುಳ್ಳು ಹೇಳುತ್ತದೆ, ಎರಡು ಸಲ ಹಚ್ಚಿದರೆ ಎರಡು ಎಕ್ಸ್. ಎರಡೂ ಬದಿ ಸಮ ಇರಬೇಕಾದರೆ ಎಕ್ಸ್ ಒಂದು ಅಡಿಯೇ ಆಗಬೇಕು.

"ನನ್ನ ಗ್ವಾಡಿ ಮೊನ್ನೆರ ಸುಣ್ಣಾ ಕಂಡೈತ್ರಿ" ಎಂದ ಚಾಚಾ.

ಅಷ್ಟರಲ್ಲಿ ಕಾಂಕ್ರೀಟ್ ಮಶಿನ್ ಬಂದು ಗಡಗಡ ತಿರುಗತೊಡಗಿತು. "ಮಾಲ ಗಟ್ಟಿ ಆಗಾಕತ್ತೈತ್ರಿ, ಲಗೂನ ಹೇಳ್ರಿ" ಎಂದು ಲಗಮಪ್ಪ ಒಂದೇ ಸಮನೆ ಅವಸರ ಮಾಡಿದ. ಮಾಸ್ತರರ ಅಂಗಿ ಬೆವರಿಗೆ ಬೆನ್ನಿಗಂಟಿತು. ಬಲಬದಿ ಒಂದೇ ಸಲಕ್ಕೆ ಇಪ್ಪತ್ತೊಂದು. ಎಡಬದಿಗೆ ಸಿಮೆಂಟಿನ ಚೀಲ ಅಡ್ಡವಿದ್ದು, ಎರಡು ತುಂಡಾಗಿ ಇಪ್ಪತ್ತೆರಡು. ಎಕ್ಸ್ ಇದ್ದಲ್ಲಿ ಒಂದು ಹಾಕಿದರು. ಅಲ್ಲಿ ಇಪ್ಪತ್ತು. ಇಲ್ಲಿಯೂ ಇಪ್ಪತ್ತು.

ಮಾಸ್ತರರ ಕಣ್ಣಲ್ಲಿ ನೀರು ಬಂತು. "ಎದುರುಬದುರಿನ ಬದಿ ಎಲ್ಲಾ ಸಮ ಅದಾವು. ಇದು ಪಕ್ಕಾ ಸಮಾಂತರ ಚತುರ್ಭುಜ."

"ಅಂದ್ರ ಸೊಟ್ಟ ಇಲ್ಲ ಅಂತೀರಿ?" ಚಾಚಾ ಮತ್ತೆ ಒಂದು ಕಣ್ಣು ಮುಚ್ಚಿದ.

"ನಾ ಹೇಳಾಕತ್ತಿಲ್ಲ ಚಾಚಾ, ಗಣಿತ ಹೇಳಾಕತ್ತೈತಿ. ಹಾಕಪಾ ಲಗಮಪ್ಪ."

ಕಾಂಕ್ರೀಟು ಬಿತ್ತು. ಕೊನೆಯ ಬುಟ್ಟಿ ಸುರಿದಾಗ ಜಾಸ್ಮಿನ ಬುತ್ತಿ ಹಿಡಿದು ಬಂದಳು. ಮಾಸ್ತರರು ಬೆಳಗಿನ ಸಾಹಸವನ್ನೆಲ್ಲ ವರ್ಣಿಸಿ, "ನಮ್ಮ ಮನಿ ಸಮಾಂತರ ಚತುರ್ಭುಜ ಐತಿ, ಲೆಕ್ಕಾ ಮಾಡೇ ಹಾಕಿಸೇನಿ" ಎಂದರು.

"ಹಂಗಂದ್ರ ಹೆಂಗಿರತೈತ್ರಿ? ತಗದ ತೋರಸ್ರಿ."

ಮಾಸ್ತರರು ಹುರುಪಿನಿಂದ ಹಸಿ ಕಾಂಕ್ರೀಟಿನ ಮೇಲೆ ಬೆರಳಾಡಿಸಿದರು. ಕರಿಹಲಗೆಯ ಮೇಲೆ ಪ್ರತಿ ವರ್ಷ ಬಿಡಿಸುವ ಹಾಗೆಯೇ ಮೇಲೊಂದು ಗೆರೆ, ಕೆಳಗೆ ಸ್ವಲ್ಪ ಪಕ್ಕಕ್ಕೆ ಸರಿದು ಅಷ್ಟೇ ಉದ್ದದ ಇನ್ನೊಂದು ಗೆರೆ. ಅವೆರಡನ್ನೂ ಕೂಡಿಸುವ ಎರಡು ವಾಲಿದ ಗೆರೆ ಎಳೆಯುವಾಗ ಬೆರಳು ನಡುವೆಯೇ ನಿಂತಿತು.

ಜಾಸ್ಮಿನ ಚಿತ್ರ ನೋಡಿದಳು, ಪಾಯಾ ನೋಡಿದಳು. ಎರಡೂ ಒಂದೇ ಕಡೆಗೆ ವಾಲಿದ್ದವು.

"ಕಪಾಟ ಇದರಾಗ ಯಾವ ಮೂಲಿಗೆ ಇಡಲ್ರಿ?" ಎಂದಳು ಮೆಲ್ಲಗೆ.

ಬುತ್ತಿ ಉಂಡೆದ್ದ ಮೇಲೆ ಮಾಸ್ತರರು ಚಿತ್ರ ಅಳಿಸಲು ಅಂಗೈ ಉಜ್ಜಿದರು. ಬಿಸಿಲಿಗೆ ಅಷ್ಟರಲ್ಲಾಗಲೇ ಅದು ಬಿಗಿದಿತ್ತು. ಗೋಡೆಯ ಮೇಲಿಂದ ಗುಡುಸಾಬ ಚಾಚಾ ಕೊರಳ ಟೇಪು ತೆಗೆದು ಬಿಚ್ಚಿದ. ಅದರ ಎರಡೂ ತುದಿ ನೆಟ್ಟಗಿದ್ದವು.

"ಮಾಸ್ತರ, ಕಿಡಕಿಗೆ ಪಡದಾ ನನ್ನ ಕಡೆನ ಹೊಲಸ್ರಿ" ಎಂದ. "ಈಗನ ಹೇಳಿಬಿಟ್ರ ಸೊಟ್ಟ ಕತ್ತರಿಸಿ ಇಡ್ತೇನಿ."